ಧ್ರುವನೆಲದ ಮೇಲೆ ಹಿಮಯುಗದ ಗುರುತು ಓದುವುದು ಹೇಗೆ: ಸ್ವಾಲ್‌ಬಾರ್ಡ್‌ನ ಕಣಿವೆ, ತೀರ, ಬಂಡೆಗಳೊಂದಿಗೆ ಸಮಗ್ರ ಮಾರ್ಗದರ್ಶಿ

ಧ್ರುವಪ್ರದೇಶದ ಕಣಿವೆಯೊಂದರಲ್ಲಿ ಮೊದಲ ಸಲ ನಿಂತವರಿಗೆ ಕಣ್ಣಿಗೆ ಬಿದ್ದದ್ದೆಲ್ಲ ಹಿಮನದಿಯ ಕೆಲಸವೆಂದೇ ತೋರುತ್ತದೆ. ವಾಸ್ತವದಲ್ಲಿ ಅಲ್ಲಿ ಕೈಯಾಡಿಸಿದವರು ಹಲವರು. ಕಣಿವೆಯನ್ನು ಅಗಲವಾಗಿ ಕೊರೆದದ್ದು ಹಿಮ. ಅದರ ತಳವನ್ನು ಸಪಾಟು ಮಾಡಿದ್ದು ಸಮುದ್ರ ಮತ್ತು ಹೊಳೆ. ಇಳಿಜಾರಿಗೆ ಚೂಪುಗಲ್ಲು ಸುರಿದದ್ದು ಬಿರುಕಿನಲ್ಲಿ ಹೆಪ್ಪುಗಟ್ಟುವ ನೀರು. ಇವುಗಳನ್ನು ಬಿಡಿಸದೆ ‘ಹಿಮನದಿ ಹೀಗೆ ಮಾಡಿತು’ ಎಂದು ಬರೆದರೆ ಅರ್ಧಕ್ಕರ್ಧ ತಪ್ಪಾಗುತ್ತದೆ.

ಬಿಡಿಸುವ ಸುಲಭ ಉಪಾಯವೆಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವುದು. ಹಳೇ ಮನೆಯ ಗೋಡೆ ಕೆರೆದರೆ ಕೊನೆಗೆ ಬಳಿದ ಸುಣ್ಣ ಮೊದಲು ಉದುರುತ್ತದಲ್ಲ, ಹಾಗೆ ಇತ್ತೀಚಿನ ಗುರುತನ್ನು ಮೊದಲು ಗುರುತಿಸಿ ಪಕ್ಕಕ್ಕಿಟ್ಟು, ಅದರಡಿಯ ಹಳೆಯದಕ್ಕೆ ಇಳಿಯಬೇಕು. ಪಠ್ಯಪುಸ್ತಕಗಳು ಕಣಿವೆಯಿಂದ ಶುರುಮಾಡುತ್ತವೆ. ನೆಲದ ಮೇಲೆ ಕೆಲಸ ಮಾಡುವವರಿಗೆ ಕಣಿವೆ ಕೊನೆಯ ಪಾಠ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಾರ್ವೆಯ ಆಡಳಿತದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಸಮೂಹ, ಉತ್ತರ ಅಕ್ಷಾಂಶ 74ರಿಂದ 81 ಡಿಗ್ರಿ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಇಂದಿಗೂ ಹಿಮನದಿಯಡಿ ಇದೆ, ಉಳಿದದ್ದು ಮರಗಳಿಲ್ಲದ, ಬಹುಪಾಲು ಬರಿದಾದ ನೆಲ. ಓದಲು ಇದಕ್ಕಿಂತ ತೆರೆದ ಪುಟ ಸಿಗುವುದು ಕಷ್ಟ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇರುವುದೂ ಇಲ್ಲಿಯೇ, ನ್ಯೂ-ಓಲೆಸುಂಡ್ ಎಂಬ ನೆಲೆಯಲ್ಲಿ.

ತಲೆಯಲ್ಲಿರಬೇಕಾದ ಕಾಲಪಟ್ಟಿ

ನಾಲ್ಕು ಘಟ್ಟ ನೆನಪಿದ್ದರೆ ಸಾಕು. ಕಳೆದ ಸುಮಾರು 26 ಲಕ್ಷ ವರ್ಷಗಳಲ್ಲಿ ಹಿಮ ಹಲವು ಬಾರಿ ಹರಡಿ ಹಿಂದೆ ಸರಿದಿದೆ. ಕಣಿವೆಗಳು, ಫ್ಯೋರ್ಡ್‌ಗಳು (ಹಿಮ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಉದ್ದನೆಯ ಕೊಲ್ಲಿಗಳು) ಈ ಎಲ್ಲ ಸರದಿಗಳ ಒಟ್ಟು ಫಲ. ಸುಮಾರು 20,000 ವರ್ಷಗಳ ಹಿಂದೆ ಕೊನೆಯ ಹಿಮಹಾಸು ಸ್ವಾಲ್‌ಬಾರ್ಡ್ ಮತ್ತು ಪಕ್ಕದ ಬ್ಯಾರೆಂಟ್ಸ್ ಸಮುದ್ರವನ್ನು ಒಟ್ಟಿಗೇ ಮುಚ್ಚಿತ್ತು, ಪಶ್ಚಿಮದಲ್ಲಿ ಭೂಖಂಡದಂಚಿನವರೆಗೂ ಚಾಚಿತ್ತು. ಸುಮಾರು 11,000 ವರ್ಷಗಳ ಹಿಂದಿನ ಹೊತ್ತಿಗೆ ದೊಡ್ಡ ಫ್ಯೋರ್ಡ್‌ಗಳ ಒಳತುದಿಯವರೆಗೂ ಹಿಮ ಸರಿದಾಗಿತ್ತು. ಆಮೇಲೆ ಬಂದದ್ದು ‘ಕಿರು ಹಿಮಯುಗ’. ಅದರಲ್ಲಿ ಹಿಮನದಿಗಳು ಮತ್ತೆ ಬೆಳೆದು ಸರಿಸುಮಾರು 1900ರ ಆಸುಪಾಸಿನಲ್ಲಿ ಗರಿಷ್ಠ ಮುಟ್ಟಿ, ಅಂದಿನಿಂದ ಕುಗ್ಗುತ್ತಿವೆ.

ಹೊರಡುವ ಮುನ್ನ: ಮೇಜಿನ ಮೇಲಿನ ಕೆಲಸ

ನಾರ್ವೆಯ ಧ್ರುವ ಸಂಸ್ಥೆಯ ‘ಟೋಪೋಸ್ವಾಲ್‌ಬಾರ್ಡ್’ ನಕ್ಷೆ ತಾಣ ಉಚಿತ. ಅದರಲ್ಲಿ ಇಂದಿನ ನಕ್ಷೆಯ ಜತೆಗೆ 1930ರ ದಶಕದಲ್ಲಿ ವಿಮಾನದಿಂದ ಓರೆಯಾಗಿ ತೆಗೆದ ಚಿತ್ರಗಳೂ ಇವೆ. ಒಂದೇ ಹಿಮನದಿಯ ಆಗಿನ ಅಂಚನ್ನೂ ಈಗಿನ ಅಂಚನ್ನೂ ಗುರುತು ಹಾಕಿಕೊಳ್ಳಿ. ನೆಲದ ಏರುತಗ್ಗಿಗೆ 2 ಮೀಟರ್ ಸೂಕ್ಷ್ಮತೆಯ ‘ಆರ್ಕ್ಟಿಕ್‌ಡೆಮ್’ ಎತ್ತರನಕ್ಷೆ, ಬಣ್ಣದ ಚಿತ್ರಕ್ಕೆ 10 ಮೀಟರ್ ಸೂಕ್ಷ್ಮತೆಯ ಸೆಂಟಿನೆಲ್-2 ಉಪಗ್ರಹದ ಚಿತ್ರ ಸಾಕು. ಆಗಸ್ಟ್ ತಿಂಗಳ ಚಿತ್ರವನ್ನೇ ಆರಿಸಿ. ಜೂನ್‌ನಲ್ಲಿ ಉಳಿದಿರುವ ಮಂಜು ಮೊರೇನ್ ದಿಬ್ಬಗಳನ್ನು, ಅಂದರೆ ಹಿಮನದಿ ತಂದು ಅಂಚಿನಲ್ಲಿ ಪೇರಿಸಿದ ಕಲ್ಲುಮಣ್ಣಿನ ರಾಶಿಗಳನ್ನು, ಮರೆಮಾಡುತ್ತದೆ.

ಸ್ಥಳನಾಮಗಳೂ ಸಹಾಯಕ್ಕೆ ಬರುತ್ತವೆ. ಹೆಸರಿನ ಕೊನೆಯಲ್ಲಿ ‘ಬ್ರೇನ್’ ಇದ್ದರೆ ಹಿಮನದಿ, ‘ಡಾಲೆನ್’ ಕಣಿವೆ, ‘ಸ್ಲೆಟ್ಟಾ’ ಬಯಲು, ‘ಓಯಾ’ ದ್ವೀಪ, ‘ಹಾಲ್ವೋಯಾ’ ಪರ್ಯಾಯದ್ವೀಪ. ಆದರೆ ಹೆಸರನ್ನು ಪೂರ್ತಿ ನಂಬಬೇಡಿ. ನ್ಯೂ-ಓಲೆಸುಂಡ್ ಎದುರಿಗಿರುವ ಬ್ಲೊಮ್‌ಸ್ಟ್ರಾಂಡ್‌ಹಾಲ್ವೋಯಾ ಹೆಸರಿಗೆ ಪರ್ಯಾಯದ್ವೀಪ. 1990ರ ದಶಕದಲ್ಲಿ ಹಿಮನದಿ ಹಿಂದೆ ಸರಿದ ಮೇಲೆ ನಡುವೆ ನೀರು ಹರಿದು, ಅದು ದ್ವೀಪವೆಂಬುದು ಬಯಲಾಯಿತು. ನಕ್ಷೆಯವರು ನೆಲವೆಂದು ತಿಳಿದದ್ದು ಹಿಮವಾಗಿತ್ತು.

ಚೀಲದಲ್ಲಿ ಏನಿರಬೇಕು

- ದಿಕ್ಸೂಚಿ ಮತ್ತು ಇಳಿಜಾರು ಅಳೆಯುವ ಕ್ಲಿನೋಮೀಟರ್
- ವಾಯುಭಾರ ಆಧಾರಿತ ಎತ್ತರಮಾಪಕ, ಕೈಜಿಪಿಎಸ್
- ಗಟ್ಟಿ ನಾರಿನ ಬ್ರಷ್, ಅರ್ಧ ಲೀಟರ್ ನೀರು, ಒದ್ದೆ ಬಟ್ಟೆ
- 3 ಮೀಟರ್ ಟೇಪು, ಕೈಗುದ್ದಲಿ, ಕಲ್ಲು ಅಳೆಯಲು ಕ್ಯಾಲಿಪರ್
- ನೀರಿಗೆ ಕೆಡದ ಪುಸ್ತಕ, ಪೆನ್ಸಿಲ್ (ಚಳಿಗೆ ಪೆನ್ನಿನ ಶಾಯಿ ಕೈಕೊಡುತ್ತದೆ)

ದಿಕ್ಸೂಚಿಯ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನಲ್ಲಿ ಕೊಂಡ ದಿಕ್ಸೂಚಿಯ ಸೂಜಿಯನ್ನು ನಮ್ಮ ಅಕ್ಷಾಂಶಕ್ಕೆ ತೂಗಿಸಿರುತ್ತಾರೆ. ಸ್ವಾಲ್‌ಬಾರ್ಡ್‌ನಲ್ಲಿ ಭೂಕಾಂತದ ಬಲರೇಖೆ 80 ಡಿಗ್ರಿಗೂ ಹೆಚ್ಚು ಕಡಿದಾಗಿ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಸೂಜಿಯ ಉತ್ತರ ತುದಿ ಬಾಗಿ ತಳಕ್ಕೆ ಉಜ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀವು ಓದುವ ಅಂಕಿ 20–30 ಡಿಗ್ರಿ ಸುಳ್ಳು ಹೇಳಬಹುದು. ಎಲ್ಲ ಅಕ್ಷಾಂಶಕ್ಕೂ ಹೊಂದುವ ಸೂಜಿಯದ್ದನ್ನೇ ಕೇಳಿ ತರಬೇಕು. ಸೂಜಿ ಇಲ್ಲಿ ನಿಧಾನವಾಗಿ ನೆಲೆಗೊಳ್ಳುತ್ತದೆ. ಪ್ರತಿ ಅಳತೆಗೂ ಅರ್ಧ ನಿಮಿಷ ಕಾದು, ಎರಡು ಬಾರಿ ಓದಿ. ಆ ವರ್ಷದ ಕಾಂತ ವ್ಯತ್ಯಾಸವನ್ನು (ಸೂಜಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ) ನೋಡಿಕೊಂಡು, ಅದು ಪೂರ್ವಕ್ಕಿದ್ದರೆ ಕೂಡಿಸಿ: ವ್ಯತ್ಯಾಸ 9 ಡಿಗ್ರಿ ಪೂರ್ವ ಎಂದಿದ್ದು ಸೂಜಿ 265 ತೋರಿಸಿದರೆ ನಿಜವಾದ ದಿಕ್ಕು 274. ರೈಫಲ್ ಹೆಗಲಲ್ಲಿದ್ದರೆ ಕೆಳಗಿಟ್ಟು ನಾಲ್ಕು ಹೆಜ್ಜೆ ದೂರ ಹೋಗಿ ಅಳೆಯಿರಿ.

ರೈಫಲ್ ಮಾತು ತಮಾಷೆಗಲ್ಲ. ವಸತಿಯಾಚೆ ಹೋಗುವವರು ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇಟ್ಟುಕೊಳ್ಳಲೇಬೇಕು, ಬಂದೂಕನ್ನೂ ಒಯ್ಯುವುದು ರೂಢಿ. 2025ರಿಂದ ಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರವಿರಬೇಕೆಂಬ ನಿಯಮ ಬಂದಿದೆ. ಒಬ್ಬರು ಬಂಡೆ ನೋಡುವಾಗ ಇನ್ನೊಬ್ಬರು ಸುತ್ತ ನೋಡುತ್ತಿರಬೇಕು. ಬಂಡೆ ನೋಡುವವರಿಗೆ ಬೇರೇನೂ ಕಾಣುವುದಿಲ್ಲ. ಇನ್ನೊಂದು ನಿಯಮ: 1946ಕ್ಕಿಂತ ಹಿಂದಿನ ಮಾನವ ಚಟುವಟಿಕೆಯ ಕುರುಹುಗಳೆಲ್ಲ ಸಂರಕ್ಷಿತ. ತೀರದಲ್ಲಿ ತಿಮಿಂಗಿಲದ ಎಲುಬು ರಾಶಿ ಕಂಡರೆ ಅದು ಹಳೆಯ ಬೇಟೆಗಾರರ ಕಾಲದ್ದಿರಬಹುದು, ಮುಟ್ಟಬೇಡಿ. ಮಾದರಿ ಒಯ್ಯಲು ರಾಜ್ಯಪಾಲರ ಕಚೇರಿಯ ಅನುಮತಿಯನ್ನು ಮೊದಲೇ ಪಡೆಯಿರಿ.

ಹಂತ 1: ಇಂದಿನ ಚಳಿಯ ಕೆಲಸವನ್ನು ಬದಿಗಿಡಿ

ಇಲ್ಲಿಯ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ, ಕರಾವಳಿಯಲ್ಲಿ ನೂರು ಮೀಟರ್‌ವರೆಗೆ, ಬೆಟ್ಟಗಳಡಿ ನಾನೂರು ಮೀಟರ್ ದಾಟಿ. ಬೇಸಿಗೆಯಲ್ಲಿ ಮೇಲಿನ ಸುಮಾರು ಒಂದು ಮೀಟರ್ ಮಾತ್ರ ಕರಗುತ್ತದೆ. ಆ ಒಂದು ಮೀಟರ್ ಪ್ರತಿವರ್ಷ ಉಬ್ಬಿ ಇಳಿಯುವಾಗ ಕಲ್ಲುಗಳನ್ನು ಮಣ್ಣಿನಿಂದ ಬೇರ್ಪಡಿಸುತ್ತದೆ. ನ್ಯೂ-ಓಲೆಸುಂಡ್ ಬಳಿಯ ಕ್ವಾಡೆಹುಕ್‌ಸ್ಲೆಟ್ಟಾ ಬಯಲಲ್ಲಿ ನಡುವೆ ನುಣ್ಣನೆ ಮಣ್ಣು, ಸುತ್ತ ಕಲ್ಲಿನ ಏರಿ ಇರುವ ಉಂಗುರಗಳು ಯಾರೋ ಕೂತು ಜೋಡಿಸಿದಂತೆ ಸಾಲಾಗಿ ಕಾಣುತ್ತವೆ. ಇದು ಹಿಮಯುಗದ ಗುರುತಲ್ಲ, ಇವತ್ತಿನ ಚಳಿಯದು.

ಹೀಗೆಯೇ ಬದಿಗಿಡಬೇಕಾದವು: ಬೆಟ್ಟದ ಬುಡದ ಬೀಸಣಿಗೆಯಾಕಾರದ ಚೂಪುಗಲ್ಲಿನ ರಾಶಿ, ಇಳಿಜಾರಿನಲ್ಲಿ ನಾಲಗೆಯಂತೆ ಜಾರುವ ಒದ್ದೆ ಮಣ್ಣು, ಕಣಿವೆಯ ತಳದಲ್ಲಿ ಜಡೆಯಂತೆ ಹೆಣೆದುಕೊಂಡ ಹೊಳೆ. ಲಾಂಗ್‌ಯಿಯರ್‌ಬ್ಯೆನ್ ಪಟ್ಟಣದ ಪಕ್ಕದ ಅಡ್ವೆಂಟ್‌ಡಾಲೆನ್ ತಳ ಮೈದಾನದಷ್ಟು ಸಪಾಟು. ‘ಹಿಮನದಿ ಎಷ್ಟು ಚೆನ್ನಾಗಿ ನುಣುಪು ಮಾಡಿದೆ’ ಎಂದು ಹಲವರು ಬರೆದುಬಿಡುತ್ತಾರೆ. ಅಲ್ಲಿ ಕೊರೆದು ನೋಡಿದಾಗ ಸಿಕ್ಕಿದ್ದು ಸುಮಾರು 60 ಮೀಟರ್ ದಪ್ಪದ ಕೆಸರು, ಮರಳು. ಹಿಮ ಸರಿದ ಮೇಲೆ ಫ್ಯೋರ್ಡ್ ಒಳನುಗ್ಗಿತು, ಹೊಳೆ ಅದನ್ನು ತುಂಬುತ್ತ ಬಂತು. ಹಿಮ ಕೊರೆದ ನಿಜವಾದ ತಳ ಅದರಡಿ ಹೂತಿದೆ.

ಹಂತ 2: ಕಿರು ಹಿಮಯುಗದ ಅಂಚು

ಈಗಿನ ಹಿಮನದಿಯ ಮುಂದೆ ಒಂದೆರಡು ಕಿಲೋಮೀಟರ್ ದೂರದಲ್ಲಿ ಹಸಿರಿಲ್ಲದ, ಹೊಸದಾಗಿ ಮಣ್ಣು ಸುರಿದಂತಿರುವ ದಿಬ್ಬಗಳ ಸಾಲು ಸಿಗುತ್ತದೆ. ಅದರಾಚೆ ನೆಲದ ಮೇಲೆ ಪಾಚಿ, ಕಲ್ಲುಹೂವು. ಈಚೆ ಏನೂ ಇಲ್ಲ. ಆ ಗೆರೆಯೇ ಸುಮಾರು ನೂರು ವರ್ಷದ ಹಿಂದಿನ ಅಂಚು. ಮೇಜಿನ ಮೇಲೆ ಗುರುತಿಸಿದ 1930ರ ದಶಕದ ಅಂಚಿನೊಂದಿಗೆ ಇದನ್ನು ಹೋಲಿಸಿ.

ಈ ದಿಬ್ಬಗಳ ಮೇಲೆ ನಡೆಯುವಾಗ ಜೋಪಾನ. ಲಾಂಗ್‌ಯಿಯರ್‌ಬ್ಯೆನ್ ಮೇಲಿನ ಲಾರ್ಸ್‌ಬ್ರೇನ್ ಮುಂದಿನ ರಾಶಿಯಂಥ ಹಲವು ಮೊರೇನ್‌ಗಳ ಹೊಟ್ಟೆಯಲ್ಲಿ ಇನ್ನೂ ಹಿಮವಿದೆ, ಮೇಲೆ ಕಲ್ಲುಮಣ್ಣಿನ ತೆಳು ಹೊದಿಕೆ ಅಷ್ಟೇ. ಕೋಲಿನಿಂದ ಚುಚ್ಚಿದಾಗ ಟಣ್ ಎಂದರೆ ಕೆಳಗೆ ಹಿಮ. ಅದು ಕರಗುವ ಕಡೆ ಮಣ್ಣು ಸಾರಿನಂತಾಗಿ ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ. ದಿಬ್ಬದ ಎತ್ತರವನ್ನೂ ಹಾಗೇ ಬರೆದುಕೊಳ್ಳಬೇಡಿ. ಒಳಗಿನ ಹಿಮ ಕರಗಿದಾಗ ಉಳಿಯುವುದು ಅದರ ಸಣ್ಣ ಪಾಲು.

ಒಂದು ದೊಡ್ಡ ಬಲೆ ಇಲ್ಲಿದೆ. ಸ್ವಾಲ್‌ಬಾರ್ಡ್‌ನ ಎಷ್ಟೋ ಹಿಮನದಿಗಳು ಹತ್ತಾರು ವರ್ಷ ಸುಮ್ಮನಿದ್ದು ಇದ್ದಕ್ಕಿದ್ದಂತೆ ಮುನ್ನುಗ್ಗುತ್ತವೆ. ಬ್ರೋಸ್‌ವೆಲ್‌ಬ್ರೇನ್ 1936–38ರ ನಡುವೆ 20 ಕಿ.ಮೀ.ವರೆಗೆ ಮುಂದೆ ಬಂತು. ಅದಕ್ಕೆ ಕಾರಣ ಚಳಿ ಹೆಚ್ಚಿದ್ದಲ್ಲ, ಹಿಮನದಿಯ ತಳದಲ್ಲಿ ಕೂಡಿಬಂದ ನೀರು ಮತ್ತು ಒತ್ತಡ. ಹಾಗಾಗಿ ಒಂದು ಮೊರೇನ್ ನೋಡಿ ‘ಈ ವರ್ಷ ಹವೆ ತಣ್ಣಗಿತ್ತು’ ಎನ್ನುವಂತಿಲ್ಲ. ಮೊರೇನ್‌ಗಿಂತ ಈಚೆ, ಹಿಮನದಿಯ ಕಡೆಯ ನೆಲದಲ್ಲಿ, ಜಾಲದಂತೆ ಅಡ್ಡಾದಿಡ್ಡಿ ಹರಡಿದ, ಒಂದೆರಡು ಮೀಟರ್ ಎತ್ತರದ ಮಣ್ಣಿನ ಏರಿಗಳಿವೆಯೇ ನೋಡಿ. ಹಿಮದ ಬಿರುಕಿನೊಳಕ್ಕೆ ತಳದ ಕೆಸರು ಕೆಳಗಿನಿಂದ ಒತ್ತಿ ತುಂಬಿದಾಗ ಅವು ಉಳಿಯುತ್ತವೆ. ಅವಿದ್ದರೆ ಮುನ್ನುಗ್ಗಿದ ಹಿಮನದಿಯೆಂದೇ ಶಂಕಿಸಿ.

ಹಂತ 3: ಮೇಲೆದ್ದ ಕಡಲತೀರಗಳು

ಹಿಮದ ಭಾರಕ್ಕೆ ಭೂಮಿಯ ಚಿಪ್ಪು ತಗ್ಗುತ್ತದೆ. ಲೆಕ್ಕ ಸರಳ: ಹಿಮದ ಸಾಂದ್ರತೆ ಘನಮೀಟರಿಗೆ ಸುಮಾರು 917 ಕಿಲೋ, ಚಿಪ್ಪಿನಡಿಯ ಶಿಲಾಪದರವಾದ ಮ್ಯಾಂಟಲ್‌ನದು ಸುಮಾರು 3,300 ಕಿಲೋ. ಭಾಗಿಸಿದರೆ 0.28. ಅಂದರೆ 1,000 ಮೀಟರ್ ದಪ್ಪದ ಹಿಮ ಸಾಕಷ್ಟು ಕಾಲ ಕೂತರೆ ನೆಲ ಸುಮಾರು 280 ಮೀಟರ್ ಕುಸಿಯುತ್ತದೆ. ಹಿಮ ಹೋದ ಮೇಲೆ ನೆಲ ಸಾವಿರಾರು ವರ್ಷ ಮೇಲೇಳುತ್ತದೆ, ಏಳುವಾಗ ಒಂದೊಂದು ತೀರವನ್ನೂ ಮೆಟ್ಟಿಲಿನಂತೆ ಮೇಲಕ್ಕೆ ಒಯ್ಯುತ್ತದೆ. ಇವೇ ಹಿಮಹಾಸಿನ ದಪ್ಪ ಎಲ್ಲಿತ್ತೆಂದು ಹೇಳುವ ಸಾಕ್ಷಿ. ಪೂರ್ವದ ಕೊಂಗ್ಸೋಯಾ ದ್ವೀಪದಲ್ಲಿ ಹಳೆಯ ತೀರಗಳು ಸುಮಾರು 100 ಮೀಟರ್ ಎತ್ತರದಲ್ಲಿವೆ, ಪಶ್ಚಿಮದ ಹೊರಕರಾವಳಿಯಲ್ಲಿ ಅದಕ್ಕಿಂತ ಬಹಳ ಕೆಳಗೆ. ಹಿಮದ ಭಾರದ ನಡು ಬೆಟ್ಟಗಳ ಮೇಲಲ್ಲ, ಈಗ ನೀರಿರುವ ಬ್ಯಾರೆಂಟ್ಸ್ ಸಮುದ್ರದ ಕಡೆಗಿತ್ತು ಎಂಬ ನಿರ್ಣಯಕ್ಕೆ ಇದೇ ಮುಖ್ಯ ಆಧಾರವಾಯಿತು.

ತೀರವೋ ಮೊರೇನ್‌ನೋ ಎಂಬ ಅನುಮಾನ ಬಂದರೆ ದಿಬ್ಬದ ಮೇಲೆ ನಡೆದು ನೋಡಿ. ತೀರದ ದಿಬ್ಬ ನೂರಾರು ಮೀಟರ್ ಹೋದರೂ ಒಂದೇ ಮಟ್ಟದಲ್ಲಿರುತ್ತದೆ, ಬೆಟ್ಟದ ಮೈಗೆ ಅಂಟಿಕೊಂಡು ಬಳಸುತ್ತದೆ. ಮೊರೇನ್ ಕಣಿವೆಯತ್ತ ಇಳಿಯುತ್ತದೆ, ಹಾವಿನಂತೆ ಏರಿಳಿಯುತ್ತದೆ. ತೀರದ ಜಲ್ಲಿ ಗುಂಡಗೆ, ಒಂದೇ ಗಾತ್ರ, ನಡುವೆ ಮಣ್ಣಿಲ್ಲ. ಮೊರೇನ್‌ನಲ್ಲಿ ಹುಡಿಯಿಂದ ಹಿಡಿದು ಹಂಡೆಯಷ್ಟು ದೊಡ್ಡ ಕಲ್ಲಿನವರೆಗೆ ಎಲ್ಲವೂ ಕಲಸಿರುತ್ತದೆ.

ಎತ್ತರ ಅಳೆಯುವುದರಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು ಜಿಪಿಎಸ್ ಅಂಕಿಯನ್ನು ಹಾಗೇ ನಂಬುವುದು. ಕೆಲವು ಉಪಕರಣಗಳು ಸಮುದ್ರಮಟ್ಟದ ಬದಲು, ಭೂಮಿಗೆ ಗಣಿತದಲ್ಲಿ ಕೊಟ್ಟ ನಯವಾದ ಆಕಾರದ ಮೈಯಿಂದ ಅಳೆಯುತ್ತವೆ. ಸ್ವಾಲ್‌ಬಾರ್ಡ್‌ನಲ್ಲಿ ಎರಡರ ನಡುವೆ 30 ಮೀಟರ್ ಆಸುಪಾಸಿನ ಅಂತರವಿದೆ. ಸೆಟ್ಟಿಂಗ್ ಸರಿಯಿದ್ದರೂ ಕೈಜಿಪಿಎಸ್ ಎತ್ತರದಲ್ಲಿ 5–10 ಮೀಟರ್ ತಪ್ಪಬಹುದು. ವಾಯುಭಾರದ ಮಾಪಕವನ್ನು ತೀರದಲ್ಲಿ ಸೊನ್ನೆಗೆ ತಂದು, ಮೇಲೆ ಅಳೆದು, ಒಂದು ಗಂಟೆಯೊಳಗೆ ಕೆಳಗಿಳಿದು ಸೊನ್ನೆ ಮತ್ತೆ ಬಂದಿತೇ ನೋಡುವುದೇ ಒಳ್ಳೆಯದು. ಬಾರದಿದ್ದರೆ ವ್ಯತ್ಯಾಸವನ್ನು ಸಮಯಕ್ಕೆ ತಕ್ಕಂತೆ ಹಂಚಿ. ಎರಡನೆಯದು ಉಬ್ಬರವಿಳಿತವನ್ನು ಮರೆಯುವುದು. ಸೊನ್ನೆ ಯಾವ ಗೆರೆಯಲ್ಲಿ ಮಾಡಿದಿರಿ, ಎಷ್ಟು ಗಂಟೆಗೆ ಎಂದು ಬರೆಯಿರಿ. ಮೂರನೆಯದು ಬಹಳ ಸೂಕ್ಷ್ಮ. ಜಲ್ಲಿದಿಬ್ಬವನ್ನು ಕಟ್ಟುವುದು ಬಿರುಗಾಳಿಯ ಅಲೆ, ಅದು ಸಮುದ್ರಮಟ್ಟಕ್ಕಿಂತ ಮೇಲೇ ಕಟ್ಟುತ್ತದೆ. ಆದ್ದರಿಂದ ಇಂದಿನ ತೀರದ ಬಿರುಗಾಳಿ ದಿಬ್ಬ ಎಷ್ಟೆತ್ತರವಿದೆ ಎಂದು ಅದೇ ಕೊಲ್ಲಿಯಲ್ಲಿ ಅಳೆದು, ಹಳೆಯದರಿಂದ ಅಷ್ಟನ್ನು ಕಳೆಯಿರಿ.

ಈಗ ನೆಲ ಒಟ್ಟು ಎಷ್ಟು ಎದ್ದಿತೆಂಬ ಲೆಕ್ಕ. ಒಂದು ತೀರ 60 ಮೀಟರ್ ಎತ್ತರದಲ್ಲಿದೆ, ಅದರಲ್ಲಿ ಹೂತಿದ್ದ ತೇಲುಮರದ ವಯಸ್ಸು 10,000 ವರ್ಷ ಎಂದುಕೊಳ್ಳಿ. ಆಗ ಜಗತ್ತಿನ ಸಮುದ್ರ ಇಂದಿಗಿಂತ ಸುಮಾರು 40 ಮೀಟರ್ ಕೆಳಗಿತ್ತು. ಹಾಗಾದರೆ ನೆಲ ಎದ್ದದ್ದು 60 ಅಲ್ಲ, 100 ಮೀಟರ್. ಈ ಕೂಡಿಕೆ ಬಿಟ್ಟರೆ ಹಿಮದ ಭಾರದ ಅಂದಾಜು ತೀರಾ ಕಡಿಮೆಯಾಗುತ್ತದೆ.

ಅತಿ ಎತ್ತರದ ತೀರದ ಮೇಲೆ ಏನಿದೆ ಎಂಬುದನ್ನೂ ನೋಡಿ. ಕೆಳಗೆ ಅಲೆ ತೊಳೆದ ಜಲ್ಲಿ, ಮೇಲೆ ತೊಳೆಯದ ಕಲಸುಮಣ್ಣು. ಆ ಗಡಿಯೇ ಸಮುದ್ರ ಮುಟ್ಟಿದ ಕೊನೆಯ ಮಟ್ಟ.

ಹಂತ 4: ಕಲಸುಮಣ್ಣಿನ ಐವತ್ತು ಕಲ್ಲು

ಹಿಮನದಿ ತನ್ನಡಿ ಮೆತ್ತಿಹೋದ ಮಣ್ಣನ್ನು ಟಿಲ್ ಎನ್ನುತ್ತಾರೆ. ಬೆಟ್ಟ ಜರಿದ ಮಣ್ಣೂ ದೂರಕ್ಕೆ ಹಾಗೆಯೇ ಕಾಣುತ್ತದೆ. ಬೇರ್ಪಡಿಸಲು ಎಣಿಸಬೇಕು.

ಕೊರೆದುಹೋದ ದಂಡೆಯನ್ನು ಗುದ್ದಲಿಯಿಂದ ಅರ್ಧ ಮೀಟರ್ ಒಳಕ್ಕೆ ಕೆರೆದು ಹೊಸ ಮುಖ ತೆಗೆಯಿರಿ. ಹೊರಪದರ ಚಳಿಗೆ ಕದಲಿರುತ್ತದೆ. ಅಲ್ಲಿಂದ ಒಂದೇ ಬಗೆಯ ಶಿಲೆಯ 50 ಕಲ್ಲುಗಳನ್ನು, ಕಣ್ಣಿಗೆ ಚಂದ ಕಂಡವನ್ನು ಆರಿಸದೆ, ಸಿಕ್ಕ ಸಿಕ್ಕಂತೆ ತೆಗೆಯಿರಿ. ಪ್ರತಿಯೊಂದರ ಅತಿ ಉದ್ದದ ಮತ್ತು ಅತಿ ಗಿಡ್ಡ ಅಳತೆ ಬರೆದುಕೊಳ್ಳಿ. ಗಿಡ್ಡದ್ದನ್ನು ಉದ್ದದಿಂದ ಭಾಗಿಸಿದಾಗ 0.4 ಅಥವಾ ಕಡಿಮೆ ಬಂದ ಕಲ್ಲುಗಳು ಶೇಕಡಾ ಎಷ್ಟು? ಅಂಚು ಚೂಪಾಗಿರುವವು ಶೇಕಡಾ ಎಷ್ಟು? ಎರಡೂ ಹೆಚ್ಚಿದ್ದರೆ ಬೆಟ್ಟದಿಂದ ಉದುರಿದ್ದು, ಅಥವಾ ಹಿಮದ ಬೆನ್ನ ಮೇಲೆ ಕೂತು ಬಂದದ್ದು. ಎರಡೂ ಕಡಿಮೆಯಿದ್ದು, ಕಲ್ಲಿನ ಒಂದು ಮೈ ಇಸ್ತ್ರಿಪೆಟ್ಟಿಗೆಯ ತಳದಂತೆ ಚಪ್ಪಟೆಯಾಗಿ ಗೀರುಬಿದ್ದಿದ್ದರೆ ಹಿಮದಡಿ ಅರೆದುಕೊಂಡು ಬಂದದ್ದು. ಬೇರೆ ಬೇರೆ ಶಿಲೆಗಳನ್ನು ಬೆರೆಸಿ ಎಣಿಸಿದರೆ ಲೆಕ್ಕ ಕೆಡುತ್ತದೆ: ಜೇಡಿಶಿಲೆ ಹೇಗೆ ಒಡೆದರೂ ಚಪ್ಪಟೆ, ಗ್ರಾನೈಟ್ ಹಾಗಲ್ಲ.

ಹಂತ 5: ಅಲೆಮಾರಿ ಬಂಡೆಗಳು

ಹಂಪಿಯ ಗುಂಡುಗಳನ್ನು ನೋಡಿ ಬೆಳೆದ ಕಣ್ಣಿಗೆ ಬಂಡೆಯ ಮೇಲೆ ಬಂಡೆ ಕೂತಿರುವುದು ಹೊಸದಲ್ಲ. ಆದರೆ ಹಂಪಿಯಲ್ಲಿ ಮೇಲಿನದೂ ಕೆಳಗಿನದೂ ಒಂದೇ ಜಾತಿಯ ಕಲ್ಲು. ಬಿಸಿಲು, ಮಳೆಗೆ ಇದ್ದಲ್ಲೇ ಸವೆದು ಗುಂಡಾದದ್ದು. ಹಿಮ ತಂದ ಬಂಡೆ ತನ್ನ ಕೆಳಗಿನ ನೆಲಕ್ಕೆ ಪರಕೀಯ. ಲಾಂಗ್‌ಯಿಯರ್‌ಬ್ಯೆನ್ ಸುತ್ತ ನೆಲವೆಲ್ಲ ಕಲ್ಲಿದ್ದಲು ಪದರಗಳಿರುವ ಮರಳುಶಿಲೆ, ಜೇಡಿಶಿಲೆ. ಅಲ್ಲಿ ಗುಲಾಬಿ ಗ್ರಾನೈಟ್ ಅಥವಾ ಪಟ್ಟೆಪಟ್ಟೆಯ ನೈಸ್ ಶಿಲೆ ಸಿಕ್ಕರೆ ಅದು ಬೇರೆಲ್ಲಿಂದಲೋ ಪ್ರಯಾಣ ಮಾಡಿದ್ದು. ಭೂವಿಜ್ಞಾನ ನಕ್ಷೆಯಲ್ಲಿ ಆ ಶಿಲೆ ಎಲ್ಲಿದೆ ಹುಡುಕಿ, ಗೆರೆ ಎಳೆಯಿರಿ. ಸಮುದ್ರ ಮುಟ್ಟಿದ ಮಟ್ಟಕ್ಕಿಂತ ಕೆಳಗಿದ್ದರೆ ಆ ಗೆರೆಯನ್ನು ನಂಬಬೇಡಿ. ತೇಲುವ ಹಿಮಗಡ್ಡೆ ಅದನ್ನು ಎಲ್ಲಿಂದ ಬೇಕಾದರೂ ತಂದಿರಬಹುದು.

ಹಂತ 6: ಗೀರುಗಳನ್ನು ಓದುವುದು

ಇಡೀ ಕೆಲಸದಲ್ಲಿ ಅತಿ ಸಮಾಧಾನ ಬೇಡುವುದು ಇದು. ಹಿಮ ತಾನೇ ಬಂಡೆಯನ್ನು ಗೀರಲಾರದು, ಅದಕ್ಕೆ ಅಷ್ಟು ಗಡಸುತನವಿಲ್ಲ. ತಳದಲ್ಲಿ ಹುದುಗಿದ ಕಲ್ಲು, ಮರಳು ಮರಳುಕಾಗದದಂತೆ ಉಜ್ಜುತ್ತವೆ.

ಅಮೃತಶಿಲೆ, ಸುಣ್ಣಕಲ್ಲು, ಕ್ವಾರ್ಟ್ಜೈಟ್‌ನಲ್ಲಿ ಗೀರು ಚೆನ್ನಾಗಿ ಉಳಿಯುತ್ತದೆ; ಜೇಡಿಶಿಲೆಯಲ್ಲಿ ಹುಡುಕುವುದು ವ್ಯರ್ಥ. ಬ್ಲೊಮ್‌ಸ್ಟ್ರಾಂಡ್‌ನ ಅಮೃತಶಿಲೆಯಲ್ಲಿ, ಹಿಮ ಇತ್ತೀಚೆಗೆ ಬಿಟ್ಟ ಅಂಚಿನಲ್ಲಿ, ಮೊದಲ ಅಭ್ಯಾಸ ಮಾಡಬಹುದು. ಹಿಮನದಿಯ ಮುಖ ಸಮುದ್ರಕ್ಕೆ ಕುಸಿಯುವ ಕಡೆಯಿಂದ ದೋಣಿಯಲ್ಲಿ ಕನಿಷ್ಠ 200 ಮೀಟರ್ ದೂರವಿರಿ.

ಆಗಸ್ಟ್ ಮೊದಲ ವಾರ ಇಲ್ಲಿ ಸೂರ್ಯ ಮುಳುಗುವುದಿಲ್ಲ, ನಡುರಾತ್ರಿ ಉತ್ತರದಲ್ಲಿ ಸುಮಾರು 6 ಡಿಗ್ರಿ ಎತ್ತರದಲ್ಲಿರುತ್ತಾನೆ. ಗೀರು ನೋಡಲು ಅದೇ ಸರಿಯಾದ ಹೊತ್ತು. ಹಗಲಿನಲ್ಲಿ ಬೋಳಾಗಿ ಕಂಡ ಬಂಡೆಯ ಮೇಲೆ ಆ ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳೂ ಎದ್ದು ಬರುತ್ತವೆ. ಬ್ರಷ್‌ನಿಂದ ಮಣ್ಣು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಅರೆಬರೆ ಆರುವಾಗ ನೋಡಿ. ಗೀರಿನೊಳಗಿನ ನೀರು ಕೊನೆಗೆ ಆರುತ್ತದೆ, ಹಾಗಾಗಿ ಗೆರೆ ಕಪ್ಪಾಗಿ ನಿಲ್ಲುತ್ತದೆ. ಕನಿಷ್ಠ 10 ಗೀರುಗಳ ದಿಕ್ಕು ಅಳೆಯಿರಿ.

ಗೀರು ಒಂದು ಗೆರೆ ಮಾತ್ರ, ಬಾಣವಲ್ಲ. 274 ಡಿಗ್ರಿ ಎಂದರೆ ಹಿಮ ಪಶ್ಚಿಮಕ್ಕೆ ಹೋಯಿತೋ ಪೂರ್ವಕ್ಕೋ? ಅದನ್ನು ಹೇಳಲು ಬೇರೆ ಗುರುತು ಬೇಕು. ಬಂಡೆಯಲ್ಲಿ ಗಡಸು ಕಣ ಒಂದು ಉಬ್ಬಿ ನಿಂತಿದ್ದು, ಅದರ ಒಂದು ಪಕ್ಕ ಇಲಿಬಾಲದಂತೆ ಸಣ್ಣ ಏರಿ ಉಳಿದಿದ್ದರೆ, ಬಾಲವಿರುವ ಕಡೆಗೆ ಹಿಮ ಹೋಯಿತು. ದೊಡ್ಡ ಪ್ರಮಾಣದಲ್ಲಿ ಇಡೀ ಬಂಡೆಗುಡ್ಡವನ್ನು ನೋಡಿ: ಹಿಮ ಏರಿ ಬಂದ ಮೈ ನುಣ್ಣಗೆ, ಇಳಿದುಹೋದ ಮೈ ಕಿತ್ತು ತೆಗೆದಂತೆ ಮೆಟ್ಟಿಲು ಮೆಟ್ಟಿಲು. ಅರ್ಧಚಂದ್ರದಂಥ ಬಿರುಕುಗಳನ್ನು ನೆಚ್ಚಬೇಡಿ. ಅವುಗಳ ಕೊಂಬು ಕೆಲವು ಬಗೆಯಲ್ಲಿ ಮುಂದಕ್ಕೆ, ಕೆಲವು ಬಗೆಯಲ್ಲಿ ಹಿಂದಕ್ಕೆ ಇರುತ್ತದೆ.

ಎರಡು ದಿಕ್ಕಿನ ಗೀರು ಒಂದೇ ಬಂಡೆಯಲ್ಲಿ ಸಿಕ್ಕರೆ ಅದೃಷ್ಟ. ಕತ್ತರಿಸಿ ಹೋಗುವುದು ಹೊಸದು, ಕತ್ತರಿಸಿಕೊಂಡದ್ದು ಹಳೆಯದು. ಹಳೆಯ ಗೀರುಗಳು ಹೊಸ ಹಿಮಕ್ಕೆ ಮರೆಯಾದ ತಗ್ಗಿನಲ್ಲಿ ಬದುಕಿರುತ್ತವೆ, ಬಂಡೆಯ ನೆತ್ತಿಯಲ್ಲಲ್ಲ.

ಗೀರನ್ನು ನಂಬಿ ದೊಡ್ಡ ಮಾತಾಡಿದವರಲ್ಲಿ ಸ್ವೀಡನ್ನಿನ ಓಟ್ಟೊ ಟೊರೆಲ್ ಮುಖ್ಯರು. 1858 ಮತ್ತು 1861ರಲ್ಲಿ ಸ್ವಾಲ್‌ಬಾರ್ಡ್‌ನ ಅತಿ ದೊಡ್ಡ ದ್ವೀಪವಾದ ಸ್ಪಿಟ್ಸ್‌ಬರ್ಗೆನ್‌ನ ಹಿಮನದಿಗಳನ್ನು ಕಂಡುಬಂದಿದ್ದ ಅವರು 1875ರಲ್ಲಿ ಬರ್ಲಿನ್ ಬಳಿಯ ರ‍್ಯೂಡರ್ಸ್‌ಡಾರ್ಫ್ ಸುಣ್ಣಕಲ್ಲಿನ ಮೇಲಿನ ಗೀರುಗಳನ್ನು ತೋರಿಸಿ, ಸ್ಕ್ಯಾಂಡಿನೇವಿಯದ ಹಿಮ ಅಲ್ಲಿಯವರೆಗೂ ಬಂದಿತ್ತೆಂದು ವಾದಿಸಿದರು. ಅದುವರೆಗೆ ಆ ಪರಕೀಯ ಬಂಡೆಗಳನ್ನು ತೇಲುಹಿಮ ತಂದಿತೆಂದೇ ಹೆಚ್ಚಿನವರು ನಂಬಿದ್ದರು.

ಹಂತ 7: ಕಣಿವೆ ಮತ್ತು ಫ್ಯೋರ್ಡ್

ಈಗ ಕಣಿವೆಗೆ ಬರಬಹುದು. ಹೊಳೆ ಕೊರೆದದ್ದು ‘ವಿ’, ಹಿಮ ಕೊರೆದದ್ದು ‘ಯು’ ಎಂಬುದು ಗೊತ್ತಿರುವ ಮಾತು, ಆದರೆ ಹಂತ 1ರ ರಾಶಿಗಳು ಯಾವ ಕಣಿವೆಗಾದರೂ ‘ಯು’ ಆಕಾರ ಕೊಡಬಲ್ಲವು. ಹೆಚ್ಚು ಗಟ್ಟಿ ಸಾಕ್ಷಿ ಎರಡು. ಒಂದು, ಪಕ್ಕದ ಕಣಿವೆಯ ಬಾಯಿ ಮುಖ್ಯ ಕಣಿವೆಯ ತಳಕ್ಕಿಂತ ಬಹಳ ಮೇಲೆ ತೂಗಿಕೊಂಡಿರುವುದು. ಎರಡು, ನೀರಿನಡಿಯ ಆಳ. ಲಾಂಗ್‌ಯಿಯರ್‌ಬ್ಯೆನ್ ಬಳಿಯ ದೊಡ್ಡ ಫ್ಯೋರ್ಡ್ ಇಸ್‌ಫ್ಯೋರ್ಡನ್ ಕೆಲವೆಡೆ 400 ಮೀಟರ್‌ಗೂ ಹೆಚ್ಚು ಆಳವಿದೆ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದಿತ್ತೆಂದು ಕಳೆದರೂ ಯಾವ ಹೊಳೆಯೂ ಅಷ್ಟು ಕೆಳಗೆ ಕೊರೆಯಲಾರದು, ಆಮೇಲೆ ತಗ್ಗಿನಿಂದ ಏರು ಹತ್ತಿ ಹೊರಗೆ ಹರಿಯಲಾರದು. ಒತ್ತಡದಿಂದ ತಳ್ಳಿಸಿಕೊಳ್ಳುವ ಹಿಮ ಎರಡನ್ನೂ ಮಾಡುತ್ತದೆ.

1596ರಲ್ಲಿ ಡಚ್ ನಾವಿಕ ವಿಲೆಮ್ ಬ್ಯಾರೆಂಟ್ಸ್ ಇಟ್ಟ ಸ್ಪಿಟ್ಸ್‌ಬರ್ಗೆನ್ ಹೆಸರಿಗೆ ಚೂಪುಬೆಟ್ಟಗಳು ಎಂದರ್ಥ. ಲಾಂಗ್‌ಯಿಯರ್‌ಬ್ಯೆನ್‌ನ ಬೆಟ್ಟಗಳು ಮಾತ್ರ ಮೇಜಿನಂತೆ ಚಪ್ಪಟೆ. ಹಿಮ ಕಡಿಮೆ ಇತ್ತೆಂದಲ್ಲ, ಅಲ್ಲಿಯ ಶಿಲಾಪದರಗಳು ಮಲಗಿಕೊಂಡಿವೆ. ಆಕಾರ ನೋಡುವ ಮುನ್ನ ಶಿಲೆ ನೋಡಿ.

ಹಂತ 8: ಗುರುತೇ ಬಿಡದ ಹಿಮ

ಹೆಚ್ಚು ಜನ ಎಡವುವುದು ಇಲ್ಲಿ. ಗೀರಿಲ್ಲ, ಟಿಲ್ ಇಲ್ಲ, ಆದ್ದರಿಂದ ಹಿಮ ಇರಲಿಲ್ಲ ಎಂದು ಬರೆದುಬಿಡುತ್ತಾರೆ. ತಳದಲ್ಲಿ ನೀರಿರುವ ಹಿಮ ಜಾರುತ್ತದೆ, ಉಜ್ಜುತ್ತದೆ. ತಳ ನೆಲಕ್ಕೆ ಹೆಪ್ಪುಗಟ್ಟಿದ ಹಿಮ ಹಾಗಲ್ಲ. ಮೇಲುಮೇಲೆ ಬಾಗಿ ಹರಿಯುತ್ತದೆ, ಅಡಿಯದನ್ನು ಮುಟ್ಟುವುದೇ ಇಲ್ಲ.

ಲಾಂಗ್‌ಯಿಯರ್‌ಬ್ರೇನ್ ಹಿಮನದಿಯ ಅಡಿಯಲ್ಲಿ ಕರಗುನೀರು ಕೊರೆದ ಸುರಂಗದ ಮೂಲಕ ಒಳಹೊಕ್ಕ ಸಂಶೋಧಕರಿಗೆ ಹಿಮನದಿಯ ತಳದಲ್ಲಿ ಬೇರುಸಹಿತ ನಿಂತ ಪಾಚಿ, ಗಿಡಗಳು, ಹಳೆಯ ಮಣ್ಣು ಸಿಕ್ಕವು. ವಯಸ್ಸು ಸುಮಾರು 1,100 ವರ್ಷ. ಮೇಲೆ ಶತಮಾನಗಟ್ಟಲೆ ಹಿಮನದಿ ಕೂತಿದ್ದರೂ ಕೆಳಗಿನ ಪಾಚಿಯ ಎಸಳು ಕಿತ್ತುಹೋಗಿರಲಿಲ್ಲ. 1,100 ವರ್ಷದ ಹಿಂದೆ ಅಲ್ಲಿ ಹಿಮವಿರಲಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಆದ್ದರಿಂದ ಬೆಟ್ಟದ ನೆತ್ತಿಯಲ್ಲಿ ಹಳೆಯ, ಕೊಳೆತಂತಿರುವ ಕಲ್ಲುರಾಶಿ ಕಂಡರೆ ಸುಮ್ಮನೆ ದಾಟಬೇಡಿ. ಅದರ ಮೇಲೆ ಒಂದೇ ಒಂದು ಪರಕೀಯ, ತಾಜಾ ಬಂಡೆ ಕೂತಿದೆಯೇ ಹುಡುಕಿ. ಸಿಕ್ಕರೆ ಅಲ್ಲಿ ಹಿಮವಿತ್ತು, ಉಜ್ಜಲಿಲ್ಲ ಅಷ್ಟೇ.

ಹಂತ 9: ವಯಸ್ಸು ಕಟ್ಟುವುದು

ತೀರಗಳಿಗೆ ರೇಡಿಯೋಕಾರ್ಬನ್, ಅಂದರೆ ಜೀವಿ ಸತ್ತ ಮೇಲೆ ಅದರಲ್ಲಿ ಕ್ಷಯಿಸುತ್ತ ಹೋಗುವ ಇಂಗಾಲದಿಂದ ವಯಸ್ಸು ಹೇಳುವ ವಿಧಾನ. ಸೈಬೀರಿಯದ ನದಿಗಳಿಂದ ತೇಲಿಬಂದ ಮರ, ತಿಮಿಂಗಿಲದ ಎಲುಬು, ಚಿಪ್ಪು ಮೂರೂ ಆಗುತ್ತವೆ. ಚಿಪ್ಪಿಗೆ ಸಮುದ್ರದ ಹಳೆಯ ಇಂಗಾಲ ಸೇರಿರುವುದರಿಂದ ಸುಮಾರು 400 ವರ್ಷ ಹೆಚ್ಚು ತೋರಿಸುತ್ತದೆ, ಅದನ್ನು ಕಳೆಯಬೇಕು. ಎರಡೂ ಹೋಳು ಜೋಡಿಯಾಗಿ, ಬದುಕಿದ್ದಾಗ ಕೂತಿದ್ದ ಭಂಗಿಯಲ್ಲೇ ಇರುವ ಚಿಪ್ಪನ್ನು ಆರಿಸಿ. ಒಂಟಿ ಹೋಳು ಎಲ್ಲಿಂದಲೋ ಉರುಳಿಬಂದಿರಬಹುದು. ನಮ್ಮ ಕರಾವಳಿಯ ಪಚ್ಚಿಲೆಯ ಹತ್ತಿರದ ಸಂಬಂಧಿಯಾದ ನೀಲಿ ಮಸ್ಸೆಲ್ ಸಿಕ್ಕರೆ ಆ ಕಾಲದ ನೀರು ಬೆಚ್ಚಗಿತ್ತೆಂದು ಅರ್ಥ. ಅದು ಸುಮಾರು ಸಾವಿರ ವರ್ಷ ಕಾಣೆಯಾಗಿದ್ದು, 2004ರಲ್ಲಿ ಇಸ್‌ಫ್ಯೋರ್ಡನ್ ಬಾಯಲ್ಲಿ ಮತ್ತೆ ಜೀವಂತ ಸಿಕ್ಕಿದೆ. ಹಾಗಾಗಿ ಇಂದಿನ ತೀರದಲ್ಲಿ ಬಿದ್ದ ಚಿಪ್ಪು ಹಳೆಯದೆಂದು ಊಹಿಸಬೇಡಿ.

ಬಂಡೆಗಳಿಗೆ ಬೆರಿಲಿಯಂ-10. ಬಾಹ್ಯಾಕಾಶದ ಕಿರಣಗಳು ಬಂಡೆಯ ಕ್ವಾರ್ಟ್ಜ್‌ನಲ್ಲಿ ಇದನ್ನು ನಿಧಾನವಾಗಿ ಹುಟ್ಟಿಸುತ್ತವೆ. ಎಷ್ಟು ಕೂಡಿದೆ ಎಂಬುದೇ ಬಂಡೆ ಬಯಲಿಗೆ ಬಂದ ಕಾಲ. ಒಂದು ಮೀಟರ್‌ಗಿಂತ ಎತ್ತರದ, ಅಲುಗಾಡದ ಬಂಡೆಯ ನೆತ್ತಿಯಿಂದ 2–5 ಸೆಂ.ಮೀ. ದಪ್ಪದ ಚಕ್ಕೆಗಳನ್ನು ಒಟ್ಟು ಒಂದು ಕಿಲೋ ತೆಗೆಯಿರಿ. ಸುತ್ತಲಿನ ಬೆಟ್ಟ ಎಷ್ಟು ಆಕಾಶ ಮರೆಮಾಡುತ್ತದೆ ಎಂದು ಕ್ಲಿನೋಮೀಟರ್‌ನಲ್ಲಿ ಅಳೆದಿಡಿ. ಒಂದೇ ಬಂಡೆ ಸಾಲದು, ಮೂರಾದರೂ ಬೇಕು. ಹಂತ 8ರ ತಣ್ಣನೆ ಹಿಮ ಹಳೆಯ ಮೈಯನ್ನು ಸವೆಸದೆ ಬಿಟ್ಟಿದ್ದರೆ, ಹಿಂದಿನ ಕಾಲದ ಲೆಕ್ಕವೂ ಸೇರಿ ವಯಸ್ಸು ಹಲವು ಪಟ್ಟು ಜಾಸ್ತಿ ಬರುತ್ತದೆ.

ಹಂತ 10: ಒಂದೇ ಗೋಡೆಯಲ್ಲಿ ಎಲ್ಲವನ್ನೂ ಜೋಡಿಸುವುದು

ಬಿಲ್ಲೆಫ್ಯೋರ್ಡನ್ ಒಳಭಾಗದ ಕಾಪ್ ಎಕ್‌ಹೋಮ್ ಎಂಬಲ್ಲಿ ಸಮುದ್ರ ಕೊರೆದ ದಂಡೆಯಿದೆ. ನೆಲಕ್ಕೆ ನೆಲವೇ ದಾಖಲೆ ಬರೆದಿಟ್ಟಂಥ ಜಾಗ. ಕೆಳಗಿನಿಂದ ಓದಿ. ಮೊದಲು ಗಟ್ಟಿಯಾಗಿ ಅದುಮಿದ ಟಿಲ್: ಮೇಲೆ ಹಿಮವಿತ್ತು. ಅದರ ಮೇಲೆ ನಯವಾದ ಕೆಸರು, ನಡುನಡುವೆ ತೇಲುಹಿಮದಿಂದ ಬಿದ್ದ ಒಂಟಿ ಕಲ್ಲು: ಹಿಮ ಸರಿಯಿತು, ತಗ್ಗಿದ ನೆಲಕ್ಕೆ ಆಳದ ಸಮುದ್ರ ನುಗ್ಗಿತು. ಮೇಲೆ ಚಿಪ್ಪಿರುವ ಮರಳು: ನೆಲ ಏಳುತ್ತ ನೀರು ತೆಳುವಾಯಿತು. ಮೇಲೆ ಗುಂಡು ಜಲ್ಲಿ: ತೀರ ಬಂತು. ಅದರ ಮೇಲೆ ಮತ್ತೆ ಟಿಲ್. ಈ ಸರಣಿ ಅಲ್ಲಿ ನಾಲ್ಕು ಬಾರಿ ಬರುತ್ತದೆ, ಅಂದರೆ ಹಿಮ ನಾಲ್ಕು ಸಲ ಬಂದು ಹೋದ ಲೆಕ್ಕ. ಮೇಲಿನ ಸರಣಿ ಕಳೆದ ಹಿಮಯುಗದ ಅಂತ್ಯದ್ದು. ಕೆಳಗಿನವು ರೇಡಿಯೋಕಾರ್ಬನ್‌ನ ಸುಮಾರು 50,000 ವರ್ಷದ ಮಿತಿಯಾಚೆ ಹೋಗುವುದರಿಂದ ಮರಳಿನ ಕಣ ಕೊನೆಯ ಸಲ ಬೆಳಕು ಕಂಡದ್ದನ್ನು ಅಳೆಯುವ ವಿಧಾನ ಬಳಸುತ್ತಾರೆ. ಅವುಗಳ ವಯಸ್ಸಿನಲ್ಲಿ ತಜ್ಞರೊಳಗೆ ಇನ್ನೂ ಜಗ್ಗಾಟವಿದೆ.

ಇಂಥ ಗೋಡೆಯ ಮುಂದೆ ಟೇಪು ಇಳಿಬಿಟ್ಟು, ಪ್ರತಿ ಪದರದ ದಪ್ಪ, ಬಣ್ಣ, ಕಲ್ಲಿನ ಗಾತ್ರ, ಚಿಪ್ಪು ಬರೆದುಕೊಳ್ಳಿ. ಪದರಗಳಿಗಿಂತ ಅವುಗಳ ನಡುವಿನ ಗೆರೆಗೆ ಹೆಚ್ಚು ಹೊತ್ತು ಕೊಡಿ. ಕೆಸರು ನಿಧಾನವಾಗಿ ಮರಳಿಗೆ ತಿರುಗಿದರೆ ಕಾಲ ಬಿಟ್ಟುಹೋಗಿಲ್ಲ. ಟಿಲ್‌ನ ತಳ ಕೆಳಗಿನ ಜಲ್ಲಿಯನ್ನು ಚಾಕುವಿನಂತೆ ಕೊಯ್ದಿದ್ದರೆ, ಕೆಳಗಿನ ತುಣುಕುಗಳು ಮೇಲಿನ ಟಿಲ್‌ನೊಳಗೆ ಸಿಕ್ಕಿಕೊಂಡಿದ್ದರೆ, ಅಲ್ಲಿದ್ದ ಒಂದಷ್ಟು ಪದರವನ್ನು ಹೊಸ ಹಿಮ ಹೊತ್ತೊಯ್ದಿದೆ. ಅಂಥ ಗೆರೆಯ ಪಕ್ಕ ಪುಸ್ತಕದಲ್ಲಿ ‘ಇಲ್ಲಿ ಕಾಣೆ’ ಎಂದು ಬರೆದು, ಗೆರೆ ಎಷ್ಟು ಮೀಟರ್ ಉದ್ದಕ್ಕೆ ಹಾಗಿದೆ ಎಂದು ಅಳೆದು, ನಂತರವೇ ಮುಂದಿನ ಪದರಕ್ಕೆ ಹೋಗಿ.